ಪೆಟ್ಟಿಗೆ ಒಡೆಯುವ ಕೆಲಸ ಈಗ ಗೋದಾಮಿನದು

ಸೋಪಿನ ಪೆಟ್ಟಿಗೆ ಕಾರ್ಖಾನೆಯಿಂದ ಡಿಸ್ಟ್ರಿಬ್ಯೂಟರ್‌ಗೆ, ಅಲ್ಲಿಂದ ಊರಿನ ಅಂಗಡಿಗೆ ಹಾಗೇ ಬರುತ್ತಿತ್ತು. ಅದನ್ನು ಒಡೆದು ಒಂದೊಂದಾಗಿ ಮಾರುವವರು ಅಂಗಡಿಯವರು. ಆನ್‌ಲೈನ್ ಖರೀದಿ ಬಂದ ಮೇಲೆ ಆ ಕೆಲಸ ಗೋದಾಮಿನ ಪಾಲಿಗೆ ಬಿತ್ತು. ಮಾಲೂರು, ಹೊಸಕೋಟೆ, ನೆಲಮಂಗಲದ ಸುತ್ತ ಎದ್ದಿರುವ ಭಾರಿ ಗೋದಾಮುಗಳು ಹಳೆಯ ಉಗ್ರಾಣಗಳಂತೆ ನಡೆಯದಿರಲು ಮೂಲ ಕಾರಣ ಇದೇ.

ಬಿಡಿ ಸರಕು ಸಾಗಿಸುವ ಎಷ್ಟೋ ಗೋದಾಮುಗಳಲ್ಲಿ ಒಂದೇ ಖಾನೆಯಲ್ಲಿ ಚಾರ್ಜರ್, ಶಾಂಪೂ, ಪುಸ್ತಕ ಒಟ್ಟಿಗಿರುತ್ತವೆ. ಜಾಗ ಎಲ್ಲಿ ಖಾಲಿಯೋ ಅಲ್ಲಿಡುವುದೇ ನಿಯಮ. ವಸ್ತುವಿನ ಬಾರ್‌ಕೋಡ್, ಖಾನೆಯ ಬಾರ್‌ಕೋಡ್ ಎರಡನ್ನೂ ಸ್ಕ್ಯಾನ್ ಮಾಡಿದರೆ ಮುಗಿಯಿತು, ನೆನಪಿಡುವುದು ಕಂಪ್ಯೂಟರ್. ಒಂದೇ ವಸ್ತು ಹತ್ತು ಕಡೆ ಚದುರಿರುವುದರಿಂದ ಆರ್ಡರ್ ಬಂದಾಗ ಯಾವುದಾದರೂ ಒಂದು ಹತ್ತಿರದಲ್ಲೇ ಸಿಗುತ್ತದೆ. ಅಳತೆ ಮಾತ್ರ ಬೇರೆಯಾದ ಐದು ಅಂಗಿಗಳು ಒಟ್ಟಿಗಿದ್ದರೆ ಅವಸರದಲ್ಲಿ ಕೈ ತಪ್ಪುತ್ತದೆ. ಅಂಗಿಯ ಪಕ್ಕ ಶಾಂಪೂ ಇದ್ದರೆ ತಪ್ಪುವುದು ಕಷ್ಟ. ಆದರೆ ಇಡುವಾಗ ಒಂದು ಸ್ಕ್ಯಾನ್ ತಪ್ಪಿದರೂ ಆ ವಸ್ತು ಕಣ್ಣೆದುರೇ ಇದ್ದು ಕಳೆದುಹೋದಂತೆ. ಆ್ಯಪ್‌ನಲ್ಲಿ ಸ್ಟಾಕ್ ಇರುತ್ತದೆ, ಖಾನೆಯಲ್ಲಿ ಇರುವುದಿಲ್ಲ, ಆರ್ಡರ್ ರದ್ದಾಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಣಿಸುವುದನ್ನು ನೆಚ್ಚದೆ, ದಿನವೂ ಕೆಲವು ಖಾನೆಗಳನ್ನು ಎಣಿಸುತ್ತಾ ಹೋಗಬೇಕು.

ದಾಸ್ತಾನಿನ ಲೆಕ್ಕವೂ ಬದಲಾಗಿದೆ. ನಾಲ್ಕು ಊರುಗಳಲ್ಲಿ ಬೇಡಿಕೆಯ ಏರಿಳಿತಕ್ಕೆಂದು ತಲಾ 20 ಮಿಕ್ಸಿ ಹೆಚ್ಚುವರಿ ಇಟ್ಟರೆ ಒಟ್ಟು 80. ಅವನ್ನು ಒಂದೇ ಗೋದಾಮಿನಲ್ಲಿಟ್ಟರೆ 40 ಸಾಕು. ಊರೂರಿನ ಏರಿಳಿತ ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಪ್ರಮಾಣದಲ್ಲಿದ್ದರೆ, ಹೆಚ್ಚುವರಿ ದಾಸ್ತಾನು 4ರ ವರ್ಗಮೂಲವಾದ 2ರಿಂದ ಭಾಗಿಸಿದಷ್ಟಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಹತ್ತು ನಿಮಿಷದ ಡೆಲಿವರಿ ಇದನ್ನು ತಲೆಕೆಳಗು ಮಾಡುತ್ತದೆ: ಬಡಾವಣೆಗೊಂದು ಪುಟ್ಟ ಗೋದಾಮು ಬೇಕು, ದಾಸ್ತಾನು ಮತ್ತೆ ಚದುರುತ್ತದೆ. ಹಾಗಾಗಿ ಅಲ್ಲಿ ಬೇಗ ಖರ್ಚಾಗುವ ವಸ್ತುಗಳಿಗೇ ಹೆಚ್ಚು ಜಾಗ.

ಸಾಗಣೆಯಲ್ಲಿ ಗಾಳಿಗೂ ದುಡ್ಡು ತೆರಬೇಕು. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ಕಿಲೋ ಎಂದು ಲೆಕ್ಕ ಹಿಡಿಯುತ್ತಾರೆ. 40×30×20ರ ಡಬ್ಬಿಯಲ್ಲಿ ಒಂದು ಕಿಲೋ ದಿಂಬು ಕಳಿಸಿದರೆ 4.8 ಕಿಲೋದ ಬಿಲ್ ಬರುತ್ತದೆ. ಸಣ್ಣ ಮಾರಾಟಗಾರರ ಲಾಭ ಹೆಚ್ಚಾಗಿ ಸೋರುವುದು ಇಲ್ಲೇ.

ಎಲ್ಲಕ್ಕಿಂತ ಕಠಿಣ, ವಾಪಸ್ ಬರುವ ಸರಕು. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ಮೊದಲು ಏನೂ ಕೊಟ್ಟಿರುವುದಿಲ್ಲ. ಬಾಗಿಲಲ್ಲಿ ಬೇಡವೆಂದರೆ ಹೋಗುವ, ಬರುವ ಎರಡೂ ಖರ್ಚು ಮಾರಾಟಗಾರರ ತಲೆಗೆ ಬೀಳುವುದೇ ಹೆಚ್ಚು. 1972ರಲ್ಲಿ ಬಂದ ಆರು ಅಂಕಿಯ ಪಿನ್‌ಕೋಡ್ ಪಾರ್ಸೆಲ್ಲನ್ನು ಸರಿಯಾದ ಹಬ್‌ಗೆ ಮುಟ್ಟಿಸುತ್ತದೆ, ಮನೆ ಬಾಗಿಲಿಗಲ್ಲ. ‘ಗಣೇಶನ ಗುಡಿ ಹಿಂದೆ’ ಎಂಬಷ್ಟೇ ವಿಳಾಸ ಇದ್ದರೆ ಪಾರ್ಸೆಲ್ ತಿರುಗಿ ಬರುವ ಸಾಧ್ಯತೆ ಹೆಚ್ಚು. ಸರಕು ಹೊರಡುವ ಮುನ್ನವೇ ಫೋನಿನಲ್ಲಿ ವಿಳಾಸ ಖಾತ್ರಿ ಮಾಡಿಕೊಳ್ಳುವುದು ಅಗ್ಗದ ಉಪಾಯ. ತಿರುಗಿ ಬಂದದ್ದನ್ನು ಬಿಚ್ಚಿ, ಪರೀಕ್ಷಿಸಿ, ಹೊಸದರಂತೆ ಮಾರಬಹುದೇ, ರಿಯಾಯಿತಿಗೆ ಹೋಗಬೇಕೇ, ಗುಜರಿಗೇ ಎಂದು ತೀರ್ಮಾನಿಸಬೇಕು. ಹಬ್ಬದ ಸೀರೆ ಹಬ್ಬ ಕಳೆದು ಮೂರು ವಾರದ ಮೇಲೆ ಗೋದಾಮಿಗೆ ಮರಳಿದರೆ, ಮಡಿಕೆ ಕೆಡದಿದ್ದರೂ ಪೂರ್ತಿ ಬೆಲೆಗೆ ಹೋಗುವುದು ಕಷ್ಟ.