ಹಿಂದಿನ ಆಕ್ಸೆಲ್ ಮುರಿದರೆ ಶಾಫ್ಟ್ ಒಂದೇ ಸಾಕಾ, ಪೂರ್ತಿ ಸೆಟ್ ಬೇಕಾ?

ಪ್ರಶ್ನೆ: ಪುಣೆಯ ಹಡಪ್ಸರದಲ್ಲಿದ್ದೇನೆ. ಹಳೇ ಪಿಕಪ್‌ನಲ್ಲಿ ಸೊಲ್ಲಾಪುರ ಕಡೆಯಿಂದ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ಗೆ ಈರುಳ್ಳಿ ತರುತ್ತೇನೆ. ಹಿಂದಿನ ಆಕ್ಸೆಲ್ ಕಟ್ ಆಗಿದೆ. ಒಬ್ಬ ಮೆಕ್ಯಾನಿಕ್ ಶಾಫ್ಟ್ ಒಂದನ್ನೇ ಹಾಕಿದರೆ ಸಾಕು ಅಂತಾನೆ. ಇನ್ನೊಬ್ಬ, ಗುಜರಿಯಿಂದ ಪೂರ್ತಿ ಆಕ್ಸೆಲ್ ತಂದು ಕೂರಿಸೋಣ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಮೊದಲು ಮುರಿದ ಶಾಫ್ಟನ್ನು (ಆಕ್ಸೆಲ್ ಒಳಗೆ ಚಕ್ರ ತಿರುಗಿಸುವ ಸರಳು) ಹೊರಗೆ ತೆಗೆಸಿ, ಡೀಸೆಲ್‌ನಲ್ಲಿ ತೊಳೆದು, ಬಿಸಿಲಿಗೆ ಹಿಡಿದು ನೋಡಿ. ಯಾಕೆ ಮುರಿಯಿತು ಅನ್ನೋದು ಆ ತುಂಡಿನಲ್ಲೇ ಇರುತ್ತದೆ. ಅದು ಗೊತ್ತಾಗದೆ ದುಡ್ಡು ಹಾಕಿದರೆ ಹೊಸ ಶಾಫ್ಟ್ ಕೂಡ ಅದೇ ದಾರಿ ಹಿಡಿಯಬಹುದು.

ಮುರಿದ ಜಾಗದಲ್ಲಿ ಒಂದು ಕಡೆ ನಯವಾಗಿ, ಬಾಗಿದ ಸಣ್ಣ ಸಣ್ಣ ಗೆರೆಗಳಿದ್ದು, ಉಳಿದ ಭಾಗ ಒರಟಾಗಿದ್ದರೆ ಬಿರುಕು ತುಂಬಾ ದಿನದಿಂದ ಬೆಳೆಯುತ್ತಾ ಬಂದಿದೆ ಎಂದರ್ಥ. ಒರಟಾದ ಭಾಗ ಮಾತ್ರ ಕೊನೆಯ ಏಟಿಗೆ ಹೋಗಿದ್ದು. ಬಿರುಕು ಬೇರಿಂಗ್ ಕೂರುವ ಜಾಗದಲ್ಲೇ ಶುರುವಾಗಿದ್ದರೆ ಬೇರಿಂಗ್ ಸವೆದಿದೆಯಾ, ಹೌಸಿಂಗ್ (ಶಾಫ್ಟನ್ನು ಮುಚ್ಚಿರುವ ಕೊಳವೆಯಂಥ ಕವಚ) ಬಾಗಿದೆಯಾ ಎಂದು ನೋಡಲೇಬೇಕು. ಇನ್ನು ಶಾಫ್ಟಿನ ತುದಿಯ ಸ್ಪ್ಲೈನ್ ಗೆರೆಗಳು (ಗೇರಿಗೆ ಕಚ್ಚಿಕೊಳ್ಳುವ ಉದ್ದ ಹಲ್ಲುಗಳು) ನೆಟ್ಟಗಿರದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದ್ದರೆ ಅದು ಜಾಸ್ತಿ ಲೋಡಿನ ಗುರುತು. ಚಡಾವಿನಲ್ಲಿ ಕ್ಲಚ್ ದಿಢೀರ್ ಬಿಟ್ಟರೂ ಹೀಗಾಗುತ್ತದೆ. ಆಗ ಇನ್ನೊಂದು ಬದಿಯ ಶಾಫ್ಟನ್ನೂ ಎಳೆದು ನೋಡಿಸಿ. ಅದೂ ಅಷ್ಟೇ ಭಾರ ಹೊತ್ತಿದೆ, ಅಲ್ವಾ?

ಹೌಸಿಂಗ್ ನೆಟ್ಟಗಿದೆ, ಕ್ರೌನ್-ಪಿನಿಯನ್ (ಆಕ್ಸೆಲ್ ನಡುವಿನ ದೊಡ್ಡ ಮತ್ತು ಚಿಕ್ಕ ಗೇರ್) ಹಲ್ಲು ಚೆನ್ನಾಗಿವೆ ಎಂದಾದರೆ ಹೊಸ ಶಾಫ್ಟ್, ಬೇರಿಂಗ್, ಆಯಿಲ್ ಸೀಲ್ ಇಷ್ಟೇ ಸಾಕು. ಪೂರ್ತಿ ಸೆಟ್ ಸುಮ್ನೆ ಖರ್ಚು. ಆದರೆ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ನಡುವಿನ ಗೇರ್ ಗುಂಪು) ಒಳಗೆ ಉಳಿದ ತುಂಡು, ಲೋಹದ ಪುಡಿ ಎಲ್ಲಾ ತೆಗೆದು ಹೌಸಿಂಗ್ ತೊಳೆಸಿ. ಒಂದು ಚೂರು ಉಳಿದರೂ ಕ್ರೌನ್ ಹಲ್ಲು ಹೋಗುತ್ತದೆ. ಹೌಸಿಂಗ್ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಮಾತ್ರ ಪೂರ್ತಿ ಆಕ್ಸೆಲ್ ಹುಡುಕಿ. ಬೆಸುಗೆ ಹಾಕಿ ಒಪ್ಪಿಸಲು ಬಂದರೆ ಒಪ್ಪಬೇಡಿ. ಆ ಕಾವಿಗೆ ಹೌಸಿಂಗ್ ಮತ್ತೆ ಸೊಟ್ಟಗಾಗುತ್ತದೆ.

ಹಳೇ ಆಕ್ಸೆಲ್‌ಗೆ ಮುಂಬೈ ಕುರ್ಲಾದ ಸಿ.ಎಸ್.ಟಿ. ರಸ್ತೆಯ ತನಕ ಹೋಗುವವರಿದ್ದಾರೆ. ಎಲ್ಲೇ ಕೊಳ್ಳಿ, ರೇಷಿಯೋ, ಅಂದರೆ ಕ್ರೌನ್ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದ ಲೆಕ್ಕ, ಹೊಂದಬೇಕು. ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 8 ಇದ್ದರೆ 5.125. ಅದೇ 37 ಮತ್ತು 9 ಇದ್ದರೆ 4.11. ನಿಮ್ಮ ಗಾಡಿಯದ್ದು ಮೊದಲನೆಯದಾಗಿದ್ದು ಎರಡನೆಯದನ್ನು ಹಾಕಿಸಿದರೆ ಲೋಡ್ ಇದ್ದಾಗ ಚಡಾವು ಹತ್ತಲು ಗಾಡಿ ಒದ್ದಾಡುತ್ತದೆ. ಸ್ಪೀಡೋಮೀಟರ್ ಕೂಡ ತಪ್ಪು ತೋರಿಸುತ್ತದೆ. ನಿಮ್ಮ ಗಾಡಿಯ ಹಲ್ಲನ್ನು ಬಿಚ್ಚಿದಾಗಲೇ ಎಣಿಸಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಣಿಸಲು ಆಕ್ಸೆಲ್ ಬಿಚ್ಚಬೇಕಿಲ್ಲ. ಪಿನಿಯನ್ ಫ್ಲಾಂಜಿಗೆ (ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಬಿಲ್ಲೆ) ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದು ಬದಿಯ ಡ್ರಮ್ ಅಲುಗದಂತೆ ಹಿಡಿಸಿ, ಇನ್ನೊಂದನ್ನು ಎರಡು ಸುತ್ತು ತಿರುಗಿಸಿ. ಫ್ಲಾಂಜ್ ಐದು ಸುತ್ತು ದಾಟಿ ಸ್ವಲ್ಪ ಮುಂದೆ ಬಂದರೆ 5.125, ನಾಲ್ಕು ದಾಟಿ ಸ್ವಲ್ಪ ಬಂದರೆ 4.11.

ಇದರ ಜೊತೆಗೆ ಕಮಾನು ಪಟ್ಟಿ ಕೂರುವ ಪ್ಯಾಡ್‌ಗಳ ನಡುವಿನ ಅಂತರ, ಡ್ರಮ್ ಅಳತೆ, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್ ತೂತುಗಳು ಎಲ್ಲಾ ಟೇಪ್ ಹಿಡಿದು ಅಳೆಯಿರಿ. ದೊಡ್ಡ ಗಾಡಿಯ ಆಕ್ಸೆಲ್ ಸಿಕ್ಕಿತು ಅಂತ ಲೋಡ್ ಜಾಸ್ತಿ ಹಾಕಲು ಬರುವುದಿಲ್ಲ. ಆರ್.ಸಿ.ಯಲ್ಲಿ ಬರೆದ ತೂಕ ಬದಲಾಗುವುದಿಲ್ಲ, ಚಾಸಿಸ್, ಬ್ರೇಕ್ ಕೂಡ ಹಳೆಯವೇ.

ಕೂರಿಸುವಾಗ ಆಕ್ಸೆಲನ್ನು ಕಮಾನು ಪಟ್ಟಿಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಇರಲಿ, ಲೋಡ್ ಹಾಕಿ ಸ್ವಲ್ಪ ಓಡಿಸಿದ ಮೇಲೆ ಮತ್ತೆ ಬಿಗಿಮಾಡಿಸಿ. ಗೇರ್ ಆಯಿಲ್ ಗಾಡಿಯ ಕೈಪಿಡಿ ಹೇಳುವ ಗ್ರೇಡಿನದ್ದನ್ನೇ ಹಾಕಿ. ಹೈಪಾಯಿಡ್ (ಒಂದರ ಮೇಲೊಂದು ಉಜ್ಜುತ್ತಾ ಕೂಡುವ ಓರೆ) ಹಲ್ಲುಗಳಿಗೆ ಸಾಮಾನ್ಯವಾಗಿ ಜಿ.ಎಲ್.-5 ದರ್ಜೆಯ ಆಯಿಲ್ ಬೇಕು. ಹೌಸಿಂಗ್ ಮೇಲಿನ ಚಿಕ್ಕ ಬ್ರೀದರ್ ಬಿಚ್ಚಿ ಊದಿ ನೋಡಿ. ಇದನ್ನು ಬಹಳ ಜನ ಬಿಟ್ಟೇ ಬಿಡುತ್ತಾರೆ. ಅದು ಮಣ್ಣು ಕಟ್ಟಿದರೆ ಒಳಗಿನ ಬಿಸಿ ಗಾಳಿಗೆ ದಾರಿಯಿಲ್ಲದೆ ಗೇರ್ ಆಯಿಲ್ಲೇ ಸೀಲನ್ನು ದಾಟಿ ಹೊರಗೆ ಬರುತ್ತದೆ, ಬ್ರೇಕ್ ಲೈನರ್ ನೆನೆದು ಬ್ರೇಕ್ ಹಿಡಿಯುವುದಿಲ್ಲ. ಬ್ರೇಕ್ ಪೈಪ್ ಬಿಚ್ಚಿದ್ದರೆ ಗಾಳಿ ತೆಗೆಸದೆ ಗ್ಯಾರೇಜ್ ಬಿಟ್ಟು ಹೊರಡಬೇಡಿ.

ಕೊನೆಗೆ ಒಂದು ಮಾತು, ಇದು ಜೀವದ ವಿಷಯ. ಶಾಫ್ಟ್ ಕಟ್ ಆದರೆ ಎಂಜಿನ್ ಓಡುತ್ತದೆ, ಗೇರ್ ಬೀಳುತ್ತದೆ, ಸ್ಪೀಡೋಮೀಟರ್ ಮುಳ್ಳು ಕೂಡ ಏಳಬಹುದು, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಅದೇ ಕಾರಣಕ್ಕೆ ಗೇರಿನಲ್ಲಿ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ. ಕಾತ್ರಜ್ ಘಾಟ್‌ನಂಥ ಇಳಿಜಾರಿನಲ್ಲಿ ಹೀಗಾದರೆ ಹ್ಯಾಂಡ್‌ಬ್ರೇಕ್ ಎಳೆದು, ತಕ್ಷಣ ಚಕ್ರಕ್ಕೆ ದೊಡ್ಡ ಕಲ್ಲು ಕೊಡಿ. ಸೆಮಿ-ಫ್ಲೋಟಿಂಗ್ ಆಕ್ಸೆಲ್‌ನಲ್ಲಿ ಚಕ್ರ ನಿಂತಿರುವುದೇ ಶಾಫ್ಟಿನ ಮೇಲೆ. ಬೇರಿಂಗ್ ಹತ್ತಿರ ಮುರಿದರೆ ಡ್ರಮ್ ಸಮೇತ ಚಕ್ರವೇ ಈಚೆ ಬರುತ್ತದೆ. ಚಕ್ರದ ನಡುವೆ ಹಬ್ ಮುಂದಕ್ಕೆ ಚಾಚಿ, ಅದರ ಮೇಲೆ ಸುತ್ತಲೂ ಬೋಲ್ಟ್ ಇದ್ದರೆ ನಿಮ್ಮದು ಫುಲ್-ಫ್ಲೋಟಿಂಗ್. ಅದರಲ್ಲಿ ಭಾರ ಹೌಸಿಂಗ್ ಮೇಲಿರುವುದರಿಂದ ಚಕ್ರ ಬಿಚ್ಚದೆಯೇ ಶಾಫ್ಟ್ ಎಳೆಯಬಹುದು, ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ತರಬಹುದು. ಸೆಮಿ-ಫ್ಲೋಟಿಂಗ್ ಆಗಿದ್ದರೆ ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಕ್ರೇನ್‌ನಲ್ಲೇ ತನ್ನಿ.