ಅಡಿಕೆ ದುಡ್ಡಿನ ಬಡ್ಡಿಗೆ ಟ್ಯಾಕ್ಸ್ ಇದ್ಯಾ? ಇದೆ ಮಾರಾಯ್ರೆ, ಇದೆ

ಪ್ರಶ್ನೆ: ನಮ್ದು ಶಿರಸಿ ಹತ್ರ ಮೂರೆಕರೆ ಅಡಿಕೆ ತೋಟ. ನೌಕರಿ, ಅಂಗಡಿ ಎಂಥದೂ ಇಲ್ಲ. ಅಡಿಕೆ ಮಾರಿದ ದುಡ್ಡನ್ನ ಸೊಸೈಟಿಯಲ್ಲೇ ಠೇವಣಿ ಇಟ್ಟಿದ್ದೇನೆ. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂದ್ಮೇಲೆ ನಾನು ರಿಟರ್ನ್ ಫೈಲ್ ಮಾಡೋದು ಎಂತಕ್ಕೆ?

ಉತ್ತರ: ಮಳೆಗಾಲ ಶುರುವಾಯ್ತು ಅಂದ್ರೆ ತೋಟಕ್ಕೆ ಬೋರ್ಡೋ ಮದ್ದು ಹೊಡೆಯೋ ಗಡಿಬಿಡಿ, ನಮ್ಮ ಟೇಬಲ್ ಮೇಲೆ ಈ ಪ್ರಶ್ನೆ. ಪ್ರತಿ ವರ್ಷ ಅದೇ ಜನ, ಅದೇ ಪ್ರಶ್ನೆ, ಹೋದ ವರ್ಷ ಹೇಳಿದ್ನಲ್ಲ ಅಂದ್ರೆ "ಹೌದನಾ?" ಅಂತ ಮುಖ ನೋಡ್ತಾರೆ. ಅದಕ್ಕೇ ಈ ಸಲ ಬರ್ದೇ ಬಿಡ್ತೇನೆ, ಇನ್ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡೋದು.

ಸಣ್ಣ ಉತ್ತರ ಬೇಕಾದವರಿಗೆ: ನಿಮ್ಮ ಆದಾಯ ಬರೀ ತೋಟದ್ದೇ ಆಗಿದ್ರೆ, ಎಷ್ಟೇ ಲಕ್ಷ ಇರ್ಲಿ, ಸಾಮಾನ್ಯವಾಗಿ ರಿಟರ್ನ್ ಬೇಡ. ತೋಟ ಬಿಟ್ಟು ಉಳಿದ ಆದಾಯ, ಅಂದ್ರೆ ಬಡ್ಡಿ, ಬಾಡಿಗೆ, ಡಿವಿಡೆಂಡು ಎಲ್ಲ ಸೇರಿ 2025-26ರಲ್ಲಿ 4 ಲಕ್ಷ ದಾಟಿದ್ರೆ ಬೇಕು. ಇದು ಹೊಸ ತೆರಿಗೆ ಪದ್ಧತಿ ಲೆಕ್ಕ, ಹಳೇ ಪದ್ಧತಿಗೆ ಹೋಗ್ತೀರಿ ಅಂದ್ರೆ ಮಿತಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಅದಲ್ಲದೆ ವರ್ಷದಲ್ಲಿ ಟಿಡಿಎಸ್, ಅಂದ್ರೆ ದುಡ್ಡು ಕೊಡೋರು ಮೊದ್ಲೇ ಹಿಡ್ಕೊಳ್ಳೋ ಟ್ಯಾಕ್ಸು, 25 ಸಾವಿರ (ಹಿರಿಯ ನಾಗರಿಕರಿಗೆ 50 ಸಾವಿರ) ಮುಟ್ಟಿದ್ರೆ, ಸೇವಿಂಗ್ಸ್ ಖಾತೆಗಳಿಗೆ ಒಟ್ಟು 50 ಲಕ್ಷ ಜಮಾ ಆಗಿದ್ರೆ, ಮಗಳ ಮನೆಗೆ ಅಮೆರಿಕಾಕ್ಕೆ ಹೋಗಿ ಬರ್ಲಿಕ್ಕೆ 2 ಲಕ್ಷದ ಮೇಲೆ ನಿಮ್ಮ ಕೈಯಿಂದ ಖರ್ಚು ಮಾಡಿದ್ರೆ ಆಗ್ಲೂ ಬೇಕು. ಈ 50 ಲಕ್ಷದ್ದು ದೊಡ್ಡ ತೋಟದವರು ಸ್ವಲ್ಪ ನೋಡ್ಕೊಳ್ಳಿ. ಅಲ್ಲಿ ಕೇಳೋದು ಜಮಾ ಎಷ್ಟು ಅಂತ, ಆದಾಯ ಎಷ್ಟು ಅಂತ ಅಲ್ಲ.

ಇಷ್ಟಕ್ಕೆ ಮುಗೀಬೇಕಿತ್ತು. ಮುಗಿಯೋದಿಲ್ಲ, ಯಾಕಂದ್ರೆ ಮುಂದಿನ ಮಾತು ಬಂದೇ ಬರ್ತದೆ: "ಅಲ್ದೋ ತಮಾ, ಆ ಬಡ್ಡಿನೂ ಅಡಕೆ ದುಡ್ಡಿಂದೇ ಅಲ್ದನಾ?"

ಅಲ್ಲ. ಬೆಳೆ ಮಾರಿದ ದುಡ್ಡಿನ ಬಡ್ಡಿ ಬೆಳೆ ಅಲ್ಲ. ಇದೊಂದು ಮಾತು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಮನೆಗೆ ಹೇಗೆ ಹೊಕ್ಕಿತೋ ಗೊತ್ತಿಲ್ಲ, ಕೊಳೆ ರೋಗಕ್ಕಾದ್ರೂ ಮದ್ದು ಇದೆ ಇದಕ್ಕಿಲ್ಲ. ಅಡಿಕೆ ಮಾರಿ ಪೇಟೆಯಲ್ಲಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ರೆ ಆ ಬಾಡಿಗೆ ಕೃಷಿ ಆದಾಯ ಅಂತ ಯಾರೂ ಹೇಳೋದಿಲ್ಲ, ಅದು ಎಲ್ರಿಗೂ ಅರ್ಥ ಆಗ್ತದೆ. ಬಡ್ಡಿ ವಿಷಯಕ್ಕೆ ಬಂದ ಕೂಡ್ಲೆ ಮಾತ್ರ ಲೆಕ್ಕ ಬೇರೆ.

ಒಬ್ರು ಹಿರಿಯರು ಸೊಸೈಟಿಯ ಖಾತೆ ಉತಾರ ತಂದು ಮುಂದಿಟ್ರು. ಮೇಲುಗಡೆ ರಾಶಿ ಅಡಿಕೆ ಇಷ್ಟು ಕ್ವಿಂಟಲ್, ಚಾಲಿ ಇಷ್ಟು, ಬಿಳಿಗೋಟು ಇಷ್ಟು ಅಂತ ಪಟ್ಟಿ (ಅಡಿಕೆ ಮಾರಿದ ಬಿಲ್ಲು) ಜಮಾ, ಅದರ ಕೆಳಗೇ ಠೇವಣಿ ಬಡ್ಡಿ ಜಮಾ, ಎಲ್ಲಾ ಒಂದೇ ಕಾಲಮ್ಮಿನಲ್ಲಿ. "ನೋಡು, ಒಂದೇ ಖಾತೆ" ಅಂತ ಬೆರಳಿಟ್ಟು ತೋರ್ಸಿದ್ರು. ಖಾತೆ ಒಂದೇ ಹೌದು ಭಾವಾ, ಆದಾಯ ಎರಡು. ರಾಶಿ ನಿಮ್ಮ ಮರದಲ್ಲಿ ಆಗಿದ್ದು. ಬಡ್ಡಿ ಆಗಿದ್ದು ಸೊಸೈಟಿ ನಿಮ್ಮ ದುಡ್ಡು ಬಳಸ್ಕೊಂಡಿದ್ದಕ್ಕೆ.

ಕಾನೂನು ಹೇಳೋದೂ ಇದನ್ನೇ. 1961ರ ಆದಾಯ ತೆರಿಗೆ ಕಾಯ್ದೆಯ 10(1)ನೇ ಕಲಮಿನಲ್ಲಿ ಕೃಷಿ ಆದಾಯಕ್ಕೆ ವಿನಾಯಿತಿ, ಕೃಷಿ ಆದಾಯ ಅಂದ್ರೆ ಯಾವುದು ಅಂತ 2(1ಎ)ನಲ್ಲಿ. (2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂತು, ಕಲಮಿನ ನಂಬರೆಲ್ಲ ಬದಲು, ಆದ್ರೆ ಕೃಷಿ ವಿನಾಯಿತಿ ಹಾಗೇ ಇದೆ, ಅದನ್ನ ಕೇಳ್ಲಿಕ್ಕೆ ಬೇರೆ ಫೋನ್ ಮಾಡ್ಬೇಡಿ.) ಆದಾಯ ಜಮೀನಿನಿಂದ ನೇರ ಬರ್ಬೇಕು, ಮಧ್ಯ ಇನ್ನೊಂದು ಮೂಲ ಬಂತು ಅಂದ್ರೆ ಸಂಬಂಧ ಕಡೀತು. 1948ರಲ್ಲೇ ಪ್ರಿವಿ ಕೌನ್ಸಿಲ್ಲಿಗೆ (ಆಗಿನ ಕಾಲದ ಕೊನೇ ಮೇಲ್ಮನವಿ ಕೋರ್ಟು) ಒಂದು ಕೇಸ್ ಹೋಗಿತ್ತು, ಕೃಷಿ ಜಮೀನಿನ ಗೇಣಿ ಬಾಕಿ ಇತ್ತು, ಆ ಬಾಕಿ ಮೇಲೆ ಬಡ್ಡಿ ಬಂತು. ಗೇಣಿ ಕೃಷಿ ಆದಾಯ, ಆದ್ರೆ ಗೇಣಿ ಬಾಕಿ ಮೇಲಿನ ಬಡ್ಡಿ ಕೃಷಿ ಆದಾಯ ಅಲ್ಲ ಅಂತ ತೀರ್ಪಾಯ್ತು. ಆಮೇಲೆ 1950ರ ದಶಕದಲ್ಲಿ ಬಾಚಾ ಗುಜ್ದಾರ್ ಅವರ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಅವರು ಚಹಾ ಕಂಪನಿಯ ಷೇರುದಾರರು, ಚಹಾ ಕಂಪನಿ ಆದಾಯದಲ್ಲಿ ಶೇಕಡಾ 60 ಕೃಷಿ ಅಂತ ನಿಯಮ, ಹಾಗಾಗಿ ತನಗೆ ಬಂದ ಡಿವಿಡೆಂಡಿನಲ್ಲೂ 60 ಭಾಗ ಕೃಷಿ ಅಂತ ಅವರ ವಾದ. ಕೋರ್ಟು ಒಪ್ಪಲಿಲ್ಲ, ತೋಟ ಕಂಪನಿದು, ನಿಮಗೆ ಬಂದಿದ್ದು ಷೇರಿನಿಂದ ಅಂತ ಹೇಳ್ತು. ಸೊಸೈಟಿ ಷೇರಿಗೆ ಡಿವಿಡೆಂಡ್ ತಗೊಳ್ಳೋರಿಗೂ ಉತ್ತರ ಅದ್ರಲ್ಲೇ ಇದೆ.

ಇದೆಲ್ಲ ಹಳೇದು, ದೂರದ್ದು ಅಂತೀರಾ? ನಮ್ಮ ಶಿರಸಿಯದ್ದೇ ಕೇಳಿ. ತೋಟಗಾರ್ಸ್ ಕೋಆಪರೇಟಿವ್ ಸೇಲ್ ಸೊಸೈಟಿ, ನಮ್ಮ ಟಿಎಸ್ಎಸ್, ಅದರ ಹೆಸರಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಇದೆ. ದೇಶದ ಎಲ್ಲಾ ತೆರಿಗೆ ವಕೀಲರಿಗೂ ಆ ಹೆಸರು ಗೊತ್ತು, ಟ್ಯಾಕ್ಸ್ ಓದೋ ಹುಡುಗರು ಶಿರಸಿ ನೋಡಿರೋದಿಲ್ಲ ಆದ್ರೆ ತೋಟಗಾರ್ಸ್ ಕೇಸ್ ಗೊತ್ತಿರ್ತದೆ, ಇದು ನಂಗೆ ಸ್ವಲ್ಪ ಹೆಮ್ಮೆಯ ವಿಷಯವೂ ಹೌದು. ಅಲ್ಲಿ ಆಗಿದ್ದು ಇಷ್ಟು: ಸದಸ್ಯರ ಬೆಳೆ ಮಾರಿ ಬಂದ ದುಡ್ಡು ಸದಸ್ಯರಿಗೆ ಕೊಡೋದು ಬಾಕಿ ಇದ್ದಾಗ ಸೊಸೈಟಿ ಅದನ್ನ ಅಲ್ಪಾವಧಿಗೆ ಬ್ಯಾಂಕ್ ಠೇವಣಿ, ಸಾಲಪತ್ರಗಳಲ್ಲಿ ಹಾಕಿತ್ತು, ಅದಕ್ಕೆ ಬಡ್ಡಿ ಬಂತು. ಆ ಬಡ್ಡಿ ಸೊಸೈಟಿಯ ಕಸುಬಿನ ಆದಾಯ ಅಲ್ಲ, ಇತರೆ ಮೂಲದ ಆದಾಯ, 80ಪಿ ಕಡಿತ (ಸಹಕಾರಿ ಸಂಘಗಳಿಗೆ ಇರೋ ತೆರಿಗೆ ರಿಯಾಯಿತಿ) ಸಿಗೋದಿಲ್ಲ ಅಂತ ತೀರ್ಪು. ಅದು ಸೊಸೈಟಿಯ 80ಪಿ ಪ್ರಶ್ನೆ, ನಿಮ್ಮ ಠೇವಣಿಯ ಪ್ರಶ್ನೆ ಅಲ್ಲ, ಎರಡನ್ನೂ ಕಲಸಬಾರ್ದು, ಆದ್ರೂ ವಿಚಾರ ಮಾಡಿ: ಅದೇ ಅಡಿಕೆ ದುಡ್ಡು, ಅದಕ್ಕೇ ಬಡ್ಡಿ, ದಿಲ್ಲಿವರೆಗೆ ಹೋಗಿ ಇತರೆ ಮೂಲ ಅಂತ ಅನ್ನಿಸ್ಕೊಂಡು ಬಂತು.

ಈ ನಂಬಿಕೆ ಯಾಕೆ ಸಾಯೋದಿಲ್ಲ ಅಂದ್ರೆ ಅದಕ್ಕೆ ಕಾರಣ ಇದೆ. ಮೊದ್ಲೆಲ್ಲ ಸಹಕಾರಿ ಸಂಘ ತನ್ನ ಸದಸ್ಯರಿಗೆ ಕೊಟ್ಟ ಬಡ್ಡಿ ಮೇಲೆ ಟಿಡಿಎಸ್ ಕಟ್ ಮಾಡ್ಬೇಕು ಅಂತ ಇರ್ಲಿಲ್ಲ. ಕಟ್ ಆಗಿಲ್ಲ ಅಂದ್ರೆ ಟ್ಯಾಕ್ಸ್ ಇಲ್ಲ ಅಂತ ಜನ ತಿಳ್ಕೊಂಡ್ರು. 2020ರ ಏಪ್ರಿಲ್‌ನಿಂದ 50 ಕೋಟಿ ಮೇಲೆ ವಹಿವಾಟಿರೋ ಸಂಘಗಳು ಮಿತಿ ದಾಟಿದ ಬಡ್ಡಿಗೆ ಕಟ್ ಮಾಡ್ಬೇಕು ಅಂತಾಯ್ತು, ಈಗ ಮಿತಿ 50 ಸಾವಿರ, ಹಿರಿಯರಿಗೆ 1 ಲಕ್ಷ. ಹಾಗಾಗಿ ಪೇಟೆಯ ದೊಡ್ಡ ಸೊಸೈಟಿ ಕಟ್ ಮಾಡ್ತದೆ, ಊರಿನ ಸಣ್ಣ ಸೊಸೈಟಿ ಮಾಡೋದಿಲ್ಲ. ಕೂಡ್ಲೆ ಊರ ಸೊಸೈಟಿ ಬಡ್ಡಿ "ಟ್ಯಾಕ್ಸ್ ಫ್ರೀ" ಅಂತ ಸುದ್ದಿ, ಠೇವಣಿ ಅಲ್ಲಿಗೆ ಶಿಫ್ಟ್. ಟಿಡಿಎಸ್ ಕಟ್ ಮಾಡೋದು ಬಿಡೋದು ಸೊಸೈಟಿಯ ಜವಾಬ್ದಾರಿ, ಟ್ಯಾಕ್ಸ್ ಬರೋದು ಬಿಡೋದು ನಿಮ್ಮ ಆದಾಯ. ಇದೇ ಸಾಲಿನಲ್ಲಿ ಇನ್ನೊಂದು, "15ಜಿ ಕೊಟ್ಟಿದೇನಲ್ಲ, ಮತ್ತೆಂತಾ?" 15ಜಿ ಅಂದ್ರೆ ಬಡ್ಡಿ ಮಾಫಿ ಅಲ್ಲ, ನನ್ನ ಆದಾಯಕ್ಕೆ ಟ್ಯಾಕ್ಸೇ ಬರೋದಿಲ್ಲ ಅಂತ ನೀವು ಸಹಿ ಹಾಕಿ ಬರ್ದುಕೊಟ್ಟ ಮಾತು. ಕೌಂಟರಿನಲ್ಲಿ ಕೊಟ್ಟ ಫಾರ್ಮಿಗೆಲ್ಲ ಓದದೇ ಸಹಿ ಹಾಕ್ಬೇಡಿ.

ಬಡ್ಡಿ ಟ್ಯಾಕ್ಸಿನ ಲೆಕ್ಕಕ್ಕೆ ಬರ್ತದೆ ಅಂದ ಕೂಡ್ಲೆ ದುಡ್ಡು ಕಟ್ಟಲೇಬೇಕು ಅಂತಲ್ಲ, ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ತೋಟದ ಆದಾಯಕ್ಕೆ ಟ್ಯಾಕ್ಸ್ ಇಲ್ಲ, ಆದ್ರೆ ಬಡ್ಡಿಗೆ ಯಾವ ದರ ಅಂತ ನಿರ್ಧಾರ ಮಾಡ್ಲಿಕ್ಕೆ ಅದನ್ನ ಕೂಡಿಸ್ತಾರೆ. ಉದಾಹರಣೆಗೆ ಕೊನೆ ಕೊಯ್ಲು, ಸುಲಿಯೋ ಕೂಲಿ, ಗೊಬ್ಬರ, ಮದ್ದು ಎಲ್ಲಾ ಕಳೆದು ತೋಟದ ನಿವ್ವಳ 12 ಲಕ್ಷ, ಬಡ್ಡಿ 5 ಲಕ್ಷ ಅಂತಿಟ್ಕೊಳ್ಳಿ. ಎರಡೂ ಸೇರಿ 17 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ಟ್ಯಾಕ್ಸ್ 1,40,000. ಅದರಿಂದ ತೋಟದ 12 ಲಕ್ಷಕ್ಕೆ ಮೂಲ ಮಿತಿ 4 ಲಕ್ಷ ಸೇರಿಸಿ, 16 ಲಕ್ಷದ ಟ್ಯಾಕ್ಸ್ 1,20,000 ಕಳೀರಿ. ಉಳೀತು 20,000. ನಿಮ್ಮ ಟ್ಯಾಕ್ಸಿಗೆ ಬರೋ ಆದಾಯ 5 ಲಕ್ಷವೇ, 12 ಲಕ್ಷ ದಾಟಿಲ್ಲ, ಆದ್ದರಿಂದ 60,000ವರೆಗಿನ ರಿಬೇಟ್ (ಟ್ಯಾಕ್ಸಿನಲ್ಲೇ ಮಾಫಿ) ಸಿಗ್ತದೆ, ಆ 20,000ವೂ ಹೋಯ್ತು. ಕಟ್ಟೋದು ಸೊನ್ನೆ, ಟಿಡಿಎಸ್ ಕಟ್ ಆಗಿದ್ರೆ ವಾಪಸ್ಸೂ ಬರ್ತದೆ, ಆದ್ರೆ ರಿಟರ್ನ್ ಹಾಕಿದ್ರೆ ಮಾತ್ರ. ಮೂಲ ಪ್ರಶ್ನೆಗೆ ಇದೇ ಉತ್ತರ: ಬಡ್ಡಿ 4 ಲಕ್ಷ ದಾಟಿದ್ರೆ ಫೈಲ್ ಮಾಡ್ಬೇಕು, ದಾಟದೇ ಟಿಡಿಎಸ್ ಕಟ್ ಆಗಿದ್ರೆ ನಿಮ್ಮ ದುಡ್ಡಿಗಾಗಿ ಮಾಡಿ.

ದೊಡ್ಡ ಹಿಡುವಳಿದಾರರಿಗೆ ಮಾತ್ರ ಎಚ್ಚರ. ತೋಟದ್ದು 20 ಲಕ್ಷ, ಬಡ್ಡಿ 7 ಲಕ್ಷ ಆದ್ರೆ 27 ಲಕ್ಷದ ಟ್ಯಾಕ್ಸ್ 3,90,000ರಲ್ಲಿ 24 ಲಕ್ಷದ್ದು 3,00,000 ಕಳೆದು 90,000. ರಿಬೇಟ್ 60,000 ಕಳೆದ ಮೇಲೆ 30,000, ಅದಕ್ಕೆ ಶೇ. 4 ಸೆಸ್, ಒಟ್ಟು 31,200. "12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲ ಅಂತ ಟಿವಿಯಲ್ಲಿ ಹೇಳಿದ್ರಲ್ಲ" ಅಂತ ನನ್ನ ಹತ್ರ ಜಗಳಕ್ಕೆ ಬರೋರು ಈ ಸಾಲನ್ನ ಎರಡು ಸಲ ಓದಿ.

ರಿಟರ್ನ್ ಫಾರ್ಮಿನ ಗೋಳು ಬೇರೆ. ಮೊಬೈಲಲ್ಲಿ ಮಗ ತಾನೇ ಐಟಿಆರ್-1 ಹಾಕಿ ಮುಗಿಸಿರ್ತಾನೆ, ಕೃಷಿ ಆದಾಯ 5,000 ದಾಟಿದ್ರೆ ಆ ಫಾರ್ಮ್ ಬರೋದೇ ಇಲ್ಲ. ಐಟಿಆರ್-2 ಬೇಕು, ಕಿರಾಣಿ ಅಂಗಡಿ ಇದ್ರೆ ಐಟಿಆರ್-3. ಕೃಷಿ 5 ಲಕ್ಷ ದಾಟಿದ್ರೆ ಜಮೀನಿನ ಜಿಲ್ಲೆ, ಪಿನ್‌ಕೋಡು, ಎಷ್ಟು ಎಕರೆ, ಸ್ವಂತದ್ದಾ ಗೇಣಿಯಾ, ನೀರಾವರಿಯಾ ಮಳೆಯಾಶ್ರಿತವಾ ಎಲ್ಲಾ ತುಂಬಬೇಕು, ಅದಕ್ಕೇ ನಾನು ಪಹಣಿ ಕೇಳೋದು, ನಿಮ್ಮ ಆಸ್ತಿ ಮೇಲೆ ಕಣ್ಣು ಹಾಕ್ಲಿಕ್ಕಲ್ಲ. ಬೆಂಗಳೂರಲ್ಲಿ ಸಾಫ್ಟ್‌ವೇರಿನಲ್ಲಿರೋ ಮಕ್ಕಳಿಗೂ ಒಂದು ಮಾತು: ಪಹಣಿ ಅಪ್ಪನ ಹೆಸರಲ್ಲಿ, ಪಟ್ಟಿ ಅಪ್ಪನ ಹೆಸರಲ್ಲಿ, ನೀವು ನಿಮ್ಮ ರಿಟರ್ನಿನಲ್ಲಿ 8 ಲಕ್ಷ ಕೃಷಿ ಆದಾಯ ತೋರ್ಸಿದ್ರೆ ಉಳಿಯೋದು ಎಂಥದೂ ಇಲ್ಲ, ಸಂಬಳದ ದರ ಏರ್ತದೆ, ಜೊತೆಗೆ ದಾಖಲೆ ಕೊಡಿ ಅಂತ ನೋಟೀಸು.

ಮತ್ತೆ, ತೋಟದಲ್ಲಿ ಆಗಿದ್ದೆಲ್ಲ ಕೃಷಿನೂ ಅಲ್ಲ. ಅಡಿಕೆ ಬೇಯ್ಸಿ, ಸುಲ್ದು, ಒಣಗ್ಸಿ ಮಾರಿದ್ರೂ ಕೃಷಿಯೇ, ಅಷ್ಟು ಮಾಡದೆ ಅದು ಪೇಟೆಗೆ ಹೋಗೋದಿಲ್ಲ. ನರ್ಸರಿಯಲ್ಲಿ ಬೆಳೆಸಿದ ಸಸಿ ಮಾರಿದ್ದೂ ಕೃಷಿ. ಆದ್ರೆ ಪಕ್ಕದವರ ಹಸಿ ಅಡಿಕೆ ಖರೀದಿ ಮಾಡಿ ಒಣಗಿಸಿದ್ದು, ಬೇರೆಯವರ ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿದಿದ್ದು ವ್ಯಾಪಾರ. ಡೈರಿಗೆ ಹಾಕಿದ ಹಾಲು ಅಲ್ಲ, ಹೋಮ್‌ಸ್ಟೇ ಅಂತೂ ಅಲ್ಲವೇ ಅಲ್ಲ, ಅತಿಥಿಗಳಿಗೆ ತೋಟ ಸುತ್ತಿಸಿದ್ರೂ ಅಲ್ಲ. ಬೆಟ್ಟದಲ್ಲಿ ತನ್ನಷ್ಟಕ್ಕೇ ಆದ ಉಪ್ಪಾಗೆ ಹಣ್ಣು ಹೆಕ್ಕಿ ಸಿಪ್ಪೆ ಒಣಗಿಸಿ ಮಾರಿದ್ರೆ? ಅದೂ ಅಲ್ಲ, ನೆಲ ಅಗೆದು ನೆಟ್ಟು ಬೆಳೆಸಿದ್ರೆ ಮಾತ್ರ ಕೃಷಿ ಅಂತ 1957ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಯಾರೂ ಕೇಳಿಲ್ಲ, ಆದ್ರೂ ಜಮೀನು ಮಾರೋ ವಿಷಯ ಹೇಳ್ತೇನೆ, ಯಾಕಂದ್ರೆ ಜನ ಕೇಳೋದು ರಿಜಿಸ್ಟ್ರೇಶನ್ ಆದ ಮೇಲೆ. "ಕೃಷಿ ಜಮೀನು ಮಾರಿದ್ರೆ ಟ್ಯಾಕ್ಸ್ ಇಲ್ಲ" ಅನ್ನೋದು ಅರ್ಧ ಸತ್ಯ. ಗ್ರಾಮೀಣ ಕೃಷಿ ಜಮೀನಿಗೆ ಮಾತ್ರ ಇಲ್ಲ. ಜನಸಂಖ್ಯೆ 10 ಸಾವಿರಕ್ಕೆ ಕಡಿಮೆ ಇಲ್ಲದ ನಗರಸಭೆ, ಪಟ್ಟಣ ಪಂಚಾಯತಿಯ ಹದ್ದಿನ ಒಳಗಿದ್ರೆ ಅದು ಗ್ರಾಮೀಣ ಅಲ್ಲ, ಹದ್ದಿನ ಹೊರಗೂ ದೂರ ನೋಡ್ತಾರೆ: ಜನಸಂಖ್ಯೆ 10 ಸಾವಿರದಿಂದ 1 ಲಕ್ಷ ಇದ್ರೆ 2 ಕಿ.ಮೀ., 10 ಲಕ್ಷದವರೆಗೆ 6, ಅದಕ್ಕೂ ಮೇಲೆ 8. 2011ರ ಗಣತಿ ಪ್ರಕಾರ ಶಿರಸಿ, ಕಾರವಾರ ಎರಡೂ 1 ಲಕ್ಷದ ಒಳಗೆ, ಅಂದ್ರೆ 2 ಕಿ.ಮೀ. ಆ ದೂರ ರಸ್ತೆ ಮೇಲೆ ಅಳೆಯೋದಲ್ಲ, ಆಕಾಶ ಮಾರ್ಗದಲ್ಲಿ ನೇರ ಗೆರೆ, ಅದೂ ಬಸ್‌ಸ್ಟ್ಯಾಂಡಿನಿಂದ ಅಲ್ಲ, ನಗರಸಭೆ ಹದ್ದಿನಿಂದ. ನಮ್ಮ ಕಡೆ ರಸ್ತೆ ಗುಡ್ಡ ಸುತ್ತಿ, ಹಳ್ಳ ಬಳಸಿ ಹೋಗ್ತದೆ, ಬೈಕಿನ ಮೀಟರು ಮೂರೂವರೆ ಕಿ.ಮೀ. ತೋರ್ಸಿದ ತೋಟ ಗೆರೆ ಎಳೆದ್ರೆ ಒಂದೂಮುಕ್ಕಾಲಕ್ಕೇ ಮುಗೀಬಹುದು, ಆಗ ಕ್ಯಾಪಿಟಲ್ ಗೇನ್ಸ್ (ಜಮೀನು ಮಾರಿದ ಲಾಭದ ಟ್ಯಾಕ್ಸ್) ಲೆಕ್ಕ ಹಾಕ್ಬೇಕಾಗ್ತದೆ. ಮಾರಿದ ದುಡ್ಡಲ್ಲಿ ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ತಗೊಂಡ್ರೆ 54ಬಿ ಅಡಿ ವಿನಾಯಿತಿಗೆ ದಾರಿ ಇದೆ, ಅದಕ್ಕೆ ಮಾರೋ ಮೊದಲಿನ ಎರಡು ವರ್ಷ ಆ ಜಮೀನಿನಲ್ಲಿ ಸಾಗುವಳಿ ಆಗಿರ್ಬೇಕು. ಹಾಗಾಗಿ ಅಡ್ವಾನ್ಸ್ ತಗೊಳ್ಳೋ ಮೊದ್ಲೇ ಸರ್ವೆ ನಕ್ಷೆ ಹಿಡ್ಕೊಂಡು ಬನ್ನಿ, ನೋಂದಣಿ ಆದ ಮೇಲೆ ಸಿಹಿ ಹಿಡ್ಕೊಂಡು ಬಂದ್ರೆ ನಂಗೆ ತಿನ್ಲಿಕ್ಕೂ ಮನಸ್ಸು ಬರೋದಿಲ್ಲ.