ಹಡಗು ಜಿನೋವಾದಲ್ಲಿ ಒಂದು ಹಗಲು ನಿಂತರೆ ಏನು ನೋಡಬೇಕು?

ಪ್ರಶ್ನೆ: ನಮ್ಮ ಕ್ರೂಸ್ ಹಡಗು ಬೆಳಿಗ್ಗೆ 8ಕ್ಕೆ ಇಟಲಿಯ ಜಿನೋವಾ ತಲುಪಿ ಸಂಜೆ 5ಕ್ಕೆ ಹೊರಡುತ್ತದೆ. ಜೊತೆಗೆ ವಯಸ್ಸಾದ ತಾಯಿಯವರಿದ್ದಾರೆ, ಎಲ್ಲರೂ ಸಸ್ಯಾಹಾರಿಗಳು. ಪೋರ್ಟೊಫಿನೊಗೆ ಹೋಗುವುದು ಒಳ್ಳೆಯದೋ, ಊರಲ್ಲೇ ಸುತ್ತಾಡುವುದೋ?

ಉತ್ತರ: ಊರಲ್ಲೇ ಇರಿ. ಪೋರ್ಟೊಫಿನೊ ಸೊಗಸಾದ ಜಾಗವೇ, ಆದರೆ ಅಲ್ಲಿಗೆ ರೈಲಿಲ್ಲ. ಸಾಂತಾ ಮಾರ್ಗೆರಿಟಾದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸನ್ನೋ ದೋಣಿಯನ್ನೋ ಹಿಡಿಯಬೇಕು. ಬೇಸಿಗೆಯ ಜನಜಂಗುಳಿಯಲ್ಲಿ ಅರ್ಧ ದಿನ ಕಾಯುವುದರಲ್ಲೇ ಕಳೆದೀತು. ರೋಮ್ ನೋಡಲೆಂದು ಚಿವಿಟವೆಕ್ಕಿಯಾ ಬಂದರಿನಲ್ಲಿ ಇಳಿದವರಿಗೆ ದೂರದ ಪ್ರಯಾಣ ಅನಿವಾರ್ಯ. ಜಿನೋವಾದಲ್ಲಿ ಹಾಗಲ್ಲ, ಹಡಗುಕಟ್ಟೆಯ ಗೇಟು ದಾಟಿದರೆ ಹಳೆಯ ನಗರ ಶುರುವಾಗುತ್ತದೆ.

ದೂರದ, ಎತ್ತರದ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಬಂದರಿನ ಕಡೆಗೆ ಇಳಿದು ಬರುವ ಕ್ರಮ ಒಳ್ಳೆಯದು. ಆಗ ಎಲ್ಲಿ ತಡವಾದರೂ ಹಡಗು ಹತ್ತಿರವೇ ಇರುತ್ತದೆ. ಮೊದಲು ವಿಯಾ ಗಾರಿಬಾಲ್ಡಿಗೆ ಹೋಗಿ. ನಡೆದರೆ ವಿಯಾ ಬಾಲ್ಬಿಯ ಮೂಲಕ ಅರ್ಧ ಗಂಟೆಯೊಳಗಿನ ದಾರಿ, ತಾಯಿಯವರಿಗೆ ಕಷ್ಟವೆನಿಸಿದರೆ ಟ್ಯಾಕ್ಸಿ ಹಿಡಿಯಿರಿ. ಸುಮಾರು 250 ಮೀಟರ್ ಉದ್ದದ ಈ ಬೀದಿಯ ಎರಡೂ ಬದಿಯ ಅರಮನೆಗಳನ್ನು 16ನೇ ಶತಮಾನದ ನಡುಭಾಗದಿಂದ ಕಟ್ಟಿಸತೊಡಗಿದವರು ರಾಜರಲ್ಲ, ಸ್ಪೇನಿನ ರಾಜರಿಗೆ ಸಾಲ ಕೊಡುತ್ತಿದ್ದ ಸಾಹುಕಾರ ಮನೆತನಗಳವರು. ಜಿನೋವಾ ಗಣರಾಜ್ಯಕ್ಕೆ ಸ್ವಂತ ರಾಜಮಹಲು ಇರಲಿಲ್ಲ. ಆದ್ದರಿಂದ 1576ರಲ್ಲಿ ಅಲ್ಲಿನ ಸೆನೆಟ್ ಇಂಥ ಮನೆಗಳ ಪಟ್ಟಿ ಮಾಡಿ, ದರ್ಜೆ ಗೊತ್ತುಪಡಿಸಿ, ಪರದೇಶದ ಗಣ್ಯರು ಬಂದಾಗ ಯಾರ ಮನೆಯಲ್ಲಿ ಇಳಿಸಿಕೊಳ್ಳಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿಯನ್ನು ಜಾರಿಗೆ ತಂದಿತು. ಸರ್ಕಾರದ ಅತಿಥಿಯ ಖರ್ಚು ಮನೆಯ ಯಜಮಾನನ ತಲೆಗೆ! ಆ ಪಟ್ಟಿಯ 42 ಅರಮನೆಗಳು 2006ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಗೆ ಸೇರಿದವು. ನಗರಸಭೆಯಿರುವ ತುರ್ಸಿ ಅರಮನೆಯಲ್ಲಿ, ಈ ಊರಿನವನೇ ಆದ ಹೆಸರಾಂತ ಪಿಟೀಲುವಾದಕ ಪಗನಿನಿಯು ನಗರಕ್ಕೆ ಉಯಿಲು ಬರೆದುಕೊಟ್ಟ, 1743ರಲ್ಲಿ ತಯಾರಾದ ಪಿಟೀಲು ಇದೆ. ಇಟಲಿಯ ಬಹಳಷ್ಟು ಮ್ಯೂಸಿಯಂಗಳಿಗೆ ಸೋಮವಾರ ರಜೆಯೆಂಬುದನ್ನು ಮಾತ್ರ ಗಮನದಲ್ಲಿಟ್ಟುಕೊಳ್ಳಿ.

ಬೀದಿಯ ಹಿಂಬದಿಯ ಪೋರ್ಟೆಲೊ ಚೌಕದಿಂದ ಕಾಸ್ತೆಲೆಟ್ಟೊ ಗುಡ್ಡಕ್ಕೆ ಸಾರ್ವಜನಿಕ ಲಿಫ್ಟ್ ಇದೆ. ಮೆಟ್ಟಿಲು ಹತ್ತುವ ಕಷ್ಟವಿಲ್ಲದೆ ತಾಯಿಯವರೂ ಮೇಲಿನಿಂದ ಇಡೀ ಬಂದರನ್ನೂ 1543ರ ದೀಪಸ್ತಂಭ ಲಾಂಟೆರ್ನಾವನ್ನೂ ನೋಡಬಹುದು.

ಅಲ್ಲಿಂದ ಇಳಿದು, ಬಿಸಿಲೂ ಕಷ್ಟದಿಂದ ತೂರುವ ಇಕ್ಕಟ್ಟಿನ ಓಣಿಗಳ ನಡುವೆ ಕಪ್ಪುಬಿಳುಪು ಪಟ್ಟೆಯ ಸಾನ್ ಲೊರೆಂಜೊ ಕೆಥೆಡ್ರಲ್‌ಗೆ ಬನ್ನಿ. 1941ರ ಫೆಬ್ರುವರಿ 9ರಂದು ಬ್ರಿಟಿಷ್ ಯುದ್ಧನೌಕೆಗಳು ಹಾರಿಸಿದ ಷೆಲ್ಲೊಂದು ಇದರ ಗೋಡೆ ಸೀಳಿ ಒಳಬಿದ್ದರೂ ಸಿಡಿಯಲಿಲ್ಲ. ಅದೇ ಬಗೆಯ ಷೆಲ್ಲೊಂದನ್ನು ಒಳಗೆ ಇಟ್ಟಿದ್ದಾರೆ. ಕೊಲಂಬಸ್ ಮನೆಯೆಂದು ತೋರಿಸುವ ಕಟ್ಟಡವನ್ನು ಬಿಟ್ಟರೆ ನಷ್ಟವಿಲ್ಲ, ಅದು 18ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಮಕ್ಕಳಿಲ್ಲದಿದ್ದರೆ ಅಕ್ವೇರಿಯಂ ಕೂಡ ಬೇಡ.

ಊಟಕ್ಕೆ ಬಂದರಿನೆದುರಿನ ಸೊಟ್ಟೊರಿಪಾ ಕಮಾನುಸಾಲಿನ ಅಂಗಡಿಗಳಲ್ಲಿ ಫರಿನಾಟಾ ಕೇಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಇಷ್ಟನ್ನೇ ಕಲಸಿ ತಾಮ್ರದ ದೊಡ್ಡ ತಟ್ಟೆಯಲ್ಲಿ ಬೇಯಿಸುವ ಇದು ನಮ್ಮ ಕಡಲೆಹಿಟ್ಟಿನ ದೋಸೆಯ ದಪ್ಪ ಅಕ್ಕನಂತಿರುತ್ತದೆ, ಬಿಸಿಯಾಗಿದ್ದಾಗಲೇ ರುಚಿ. ತುಳಸಿಯ ಜಾತಿಯ ಬೇಸಿಲ್ ಎಲೆ ಅರೆದು ಮಾಡುವ, ಊರಿನ ಹೆಸರುವಾಸಿ ಚಟ್ನಿ ಪೆಸ್ಟೊ ಹಸಿರಾಗಿ ಕಂಡರೂ ಅದಕ್ಕೆ ಬೆರೆಸುವ ಪಾರ್ಮೆಜಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿ ಹೆಪ್ಪುಗಟ್ಟಿಸುತ್ತಾರೆ. ಕಟ್ಟುನಿಟ್ಟಿನವರು ಯೋಚಿಸಿ ತಿನ್ನಬೇಕು.

ಪಕ್ಕದಲ್ಲೇ ಇರುವ ಸಾನ್ ಜಾರ್ಜೊ ಅರಮನೆಯ ಹಳೆಯ ಭಾಗ 1260ರದು. 1298ರಲ್ಲಿ ಸೆರೆಸಿಕ್ಕ ಮಾರ್ಕೊ ಪೋಲೊನನ್ನು ಇಲ್ಲಿಯೇ ಇರಿಸಿದ್ದರೆಂಬ ಪ್ರತೀತಿಯಿದೆ. ಮುಂದೆ, 1407ರಲ್ಲಿ ಸ್ಥಾಪನೆಯಾದ ಸಾನ್ ಜಾರ್ಜೊ ಬ್ಯಾಂಕು ಇದೇ ಕಟ್ಟಡದಿಂದ ಗಣರಾಜ್ಯದ ಸಾಲವನ್ನು ನಿಭಾಯಿಸಿತು. ಬೆಳಿಗ್ಗೆ ಕಂಡ ಅರಮನೆಗಳ ಹಣದ ಮೂಲ ಈ ದಂಡೆಯ ವ್ಯವಹಾರವೇ. ಇಲ್ಲಿಂದ ಹಡಗಿಗೆ ಸುಮಾರು ಇಪ್ಪತ್ತು ನಿಮಿಷದ ನಡಿಗೆ.

ಇನ್ನು ಕಾಗದಪತ್ರದ ಮಾತು. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಹಡಗು ನಡುವೆ ಟ್ಯುನೀಷಿಯಾದಂಥ ದೇಶಕ್ಕೆ ಹೋಗಿ ಮರಳುವುದಾದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅವಕಾಶವಿರುವ ವೀಸಾವನ್ನೇ ಪಡೆಯಿರಿ. ಸಂಜೆ 5 ಎಂಬುದು ಹಡಗು ಹೊರಡುವ ಹೊತ್ತು, ನೀವು ಹತ್ತಬೇಕಾದ ಹೊತ್ತಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಮೊದಲೇ ಬಾಗಿಲು ಮುಚ್ಚುವುದರಿಂದ, ಇಳಿಯುವಾಗಲೇ ಆ ಸಮಯವನ್ನು ಕೇಳಿ ಬರೆದಿಟ್ಟುಕೊಳ್ಳಿ.